ನೀರಾಮೆ ಮಂಕಾದಾಗ ಮೊದಲು ತೊಟ್ಟಿಯನ್ನು ನೋಡಿ

ಸಂಕ್ರಾಂತಿ ಕಳೆದು ನಾಲ್ಕೈದು ದಿನವಾಗಿತ್ತು. ನಿಟ್ಟುವಳ್ಳಿಯಿಂದ ತಾಯಿಯೊಬ್ಬರು ಹತ್ತು ವರ್ಷದ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗಿ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ ಬಕೆಟ್ಟಿನ ತಳದಲ್ಲಿ ಅಂಗೈಯಗಲದ ಆಮೆ ಇತ್ತು. "ಅಕ್ಕಾ, ಹನ್ನೆರಡು ದಿನದಿಂದ ಏನನ್ನೂ ಮುಟ್ಟಿಲ್ಲ. ಕಣ್ಣನ್ನೂ ಬಿಡುತ್ತಿಲ್ಲ. ಯಾವ ಡ್ರಾಪ್ಸ್ ಹಾಕಬೇಕು ಹೇಳಿ" ಎಂದು ತಾಯಿ ಕೇಳಿದರು. ಆಮೆಯ ರೆಪ್ಪೆಗಳು ರಾತ್ರಿಯಿಡೀ ನೆನೆಸಿದ ಕಡಲೆಯಂತೆ ಊದಿಕೊಂಡಿದ್ದವು. ನಾನು ಡ್ರಾಪ್ಸ್ ಹೆಸರು ಹೇಳಲಿಲ್ಲ. ಒಂದು ಥರ್ಮಾಮೀಟರ್ ಕೊಟ್ಟು, ನಾಳೆ ಬೆಳಗಿನ ಆರು ಗಂಟೆಗೆ ತೊಟ್ಟಿಯ ನೀರಿನಲ್ಲಿ ಅದ್ದಿ ಎಷ್ಟು ತೋರಿಸುತ್ತದೆಂದು ಫೋನ್ ಮಾಡಿ ಎಂದೆ. ಮರುದಿನ ಹುಡುಗಿಯೇ ಫೋನ್ ಮಾಡಿದಳು: "ಆಂಟಿ, 18."

ಹದಿನಾಲ್ಕು ವರ್ಷದಿಂದ ನೀರಾಮೆ ಸಾಕುತ್ತಿದ್ದೇನೆ. ದಾವಣಗೆರೆ, ಚಿತ್ರದುರ್ಗದ ಪರಿಚಯದವರ ಮನೆಗಳಲ್ಲಿ ಕಾಯಿಲೆ ಬಿದ್ದ ಆಮೆಗಳನ್ನು ನೋಡಿ ನೋಡಿ ನನಗೆ ಒಂದು ವಿಷಯ ಖಚಿತವಾಗಿದೆ. ರೋಗ ಕಾಣಿಸುವುದು ಆಮೆಯ ಮೈಮೇಲೆ, ಅದು ಹುಟ್ಟುವುದು ಬಹುಪಾಲು ತೊಟ್ಟಿಯಲ್ಲಿ. ತೊಟ್ಟಿಯನ್ನು ಸರಿಪಡಿಸದೆ ಕೊಟ್ಟ ಔಷಧ ಒಂದು ತಿಂಗಳು ಕೆಲಸ ಮಾಡುತ್ತದೆ, ಮತ್ತೆ ಅದೇ ಕಾಯಿಲೆ ಮರುಕಳಿಸುತ್ತದೆ. ಆದ್ದರಿಂದ ಇಲ್ಲಿ ತಪಾಸಣೆ ಶುರುವಾಗುವುದು ಶಾಖದಿಂದ. ಆಮೇಲೆ ಬೆಳಕು, ಆಹಾರ, ನೀರು. ಆಮೆಯನ್ನು ಕೈಗೆತ್ತಿಕೊಳ್ಳುವುದು ಅದಾದ ನಂತರ. ಬಾಯಿ ತೆರೆದು ಉಸಿರಾಡುತ್ತಿದ್ದರೆ, ಹೊಟ್ಟೆಯ ಚಿಪ್ಪು ಕೆಂಪಾಗಿದ್ದರೆ, ಬಾಲದ ಬುಡದಿಂದ ಮಾಂಸ ಹೊರಬಂದಿದ್ದರೆ, ರಕ್ತ ಸುರಿಯುತ್ತಿದ್ದರೆ ಮಾತ್ರ ಈ ಕ್ರಮವನ್ನು ಬದಿಗಿಟ್ಟು ಅಂದೇ ಪಶುವೈದ್ಯರ ಬಳಿಗೆ ಹೊರಡಿ.

ಯಾವ ಆಮೆ ಎಂಬುದು ಮೊದಲು ಸ್ಪಷ್ಟವಾಗಲಿ. ನಾನು ಹೇಳುತ್ತಿರುವುದೆಲ್ಲ ರೆಡ್ ಇಯರ್ಡ್ ಸ್ಲೈಡರ್ ಎಂಬ ನೀರಾಮೆಯ ಬಗ್ಗೆ. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ, ಅಕ್ವೇರಿಯಂ ಅಂಗಡಿಗಳಲ್ಲಿ ನಾಣ್ಯದಷ್ಟಿದ್ದಾಗ ಸಿಗುವ ಆಮೆ ಅದು. ಅದರ ಮೂಲ ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆ. ನಿಮ್ಮ ಮನೆಯಲ್ಲಿರುವುದು ಬೆನ್ನ ಮೇಲೆ ಹಳದಿ ನಕ್ಷತ್ರದ ಗೆರೆಗಳಿರುವ ನಕ್ಷತ್ರ ಆಮೆಯಾಗಿದ್ದರೆ, ಅಥವಾ ಕೆರೆಯಲ್ಲಿ ಸಿಕ್ಕ ಮೆದುಚಿಪ್ಪಿನ ಆಮೆಯಾಗಿದ್ದರೆ ಅದನ್ನು ಸಾಕುವುದೇ ಅಪರಾಧ. ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಶಿಷ್ಟದಲ್ಲಿವೆ. ಗದ್ದೆಯಲ್ಲೋ ರಸ್ತೆಯಲ್ಲೋ ಗಾಯಗೊಂಡು ಸಿಕ್ಕರೆ ಮನೆಗೆ ತರದೆ ಅರಣ್ಯ ಇಲಾಖೆಗೆ ತಿಳಿಸಿ.

ಶಾಖ

ಆಮೆಗೆ ಮೈಯೊಳಗೆ ಶಾಖ ಹುಟ್ಟಿಸಿಕೊಳ್ಳುವ ಶಕ್ತಿಯಿಲ್ಲ. ನೀರು ಎಷ್ಟು ಬೆಚ್ಚಗಿದೆಯೋ ಮೈಯೂ ಅಷ್ಟೇ ಬೆಚ್ಚಗಿರುತ್ತದೆ. ತಿಂದದ್ದು ಕರಗುವುದು, ಸೋಂಕಿನ ವಿರುದ್ಧ ರಕ್ತ ಹೋರಾಡುವುದು, ಕೊಟ್ಟ ಔಷಧ ಮೈಗೆ ಹತ್ತುವುದು ಎಲ್ಲವೂ ಆ ಶಾಖದ ಮೇಲೆ ನಿಂತಿವೆ. ಬೆಳೆದ ಆಮೆಗೆ ನೀರು 24ರಿಂದ 27 ಡಿಗ್ರಿ ಸೆಲ್ಸಿಯಸ್, ಮರಿಗೆ 26ರಿಂದ 28, ಹತ್ತಿ ಕೂರುವ ಕಲ್ಲಿನ ಮೇಲೆ 30ರಿಂದ 34 ಇರಬೇಕು. 20ಕ್ಕಿಂತ ಕೆಳಗಿಳಿದರೆ ಆಮೆ ತಿನ್ನುವುದನ್ನು ಕಡಿಮೆ ಮಾಡುತ್ತದೆ, ಮೂಲೆ ಸೇರುತ್ತದೆ.

"ದಾವಣಗೆರೆಯಲ್ಲಿ ಎಲ್ಲಿಯ ಚಳಿ?" ಎಂದು ಎಲ್ಲರೂ ಕೇಳುತ್ತಾರೆ. ನಮ್ಮೂರನ್ನು ಬಿಸಿಲಿನಿಂದಲೇ ಗುರುತಿಸಿ ರೂಢಿಯಾಗಿದೆ. ಆದರೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಚಿತ್ರದುರ್ಗದಲ್ಲಿ, ಅದರಲ್ಲೂ ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಗಾಳಿ ಬೀಸುವ ಮನೆಗಳಲ್ಲಿ, ಬೆಳಗಿನ ಜಾವದ ಚಳಿ ಇನ್ನೂ ಚುರುಕು. ವರಾಂಡದ ಸಿಮೆಂಟ್ ತೊಟ್ಟಿಯೊಂದು ರಾತ್ರಿಯಿಡೀ ಆರಿ, ಬೆಳಿಗ್ಗೆ ಹತ್ತರವರೆಗೂ ತಣ್ಣಗೇ ಇರುತ್ತದೆ. ನಾವು ನೀರು ಮುಟ್ಟಿ ನೋಡುವುದು ಮಧ್ಯಾಹ್ನ. ಅದಕ್ಕಾಗಿಯೇ ಬೆಳಗಿನ ಆರು ಗಂಟೆಯ ಅಳತೆಯನ್ನು ಕೇಳುತ್ತೇನೆ. ಕೈ ಮುಟ್ಟಿ ಅಂದಾಜು ಮಾಡಬೇಡಿ. ನಮ್ಮ ಕೈಗೆ ಹಿತವೆನಿಸುವ ನೀರು ಆಮೆಗೆ ಚಳಿಯಾಗಿರಬಹುದು.

50 ಲೀಟರ್ ನೀರಿಗೆ 50ರಿಂದ 75 ವಾಟ್‌ನ ಅಕ್ವೇರಿಯಂ ಹೀಟರ್ ಸಾಕು. ಬೇಕಾದಷ್ಟು ಶಾಖ ಬಂದಾಗ ತಾನೇ ಆರುವ ಥರ್ಮೋಸ್ಟಾಟ್ ಇರುವುದನ್ನೇ ಕೊಳ್ಳಿ. ಗಾಜಿನ ಹೀಟರಾದರೆ ಸುತ್ತ ಪ್ಲಾಸ್ಟಿಕ್ ಜಾಲರಿ ಇರಲಿ. ಆಮೆ ಅದರ ಮೇಲೆ ಒರಗಿ ಸುಟ್ಟುಕೊಳ್ಳುತ್ತದೆ, ಗುದ್ದಿ ಒಡೆಯುವುದೂ ಉಂಟು. ನೀರು ಬದಲಿಸುವ ಮೊದಲು ಪ್ಲಗ್ ಕಿತ್ತು ಕಾಲು ಗಂಟೆ ಕಾಯಿರಿ. ಕರೆಂಟ್ ಹೋಗುವ ರಾತ್ರಿ ತೊಟ್ಟಿಯ ಸುತ್ತ ಹಳೆಯ ಕಂಬಳಿ ಸುತ್ತಿದರೂ ಎಷ್ಟೋ ಶಾಖ ಉಳಿಯುತ್ತದೆ. ಕಾದ ನೀರನ್ನು ನೇರವಾಗಿ ಸುರಿಯಬೇಡಿ, ಆ ಹಠಾತ್ ಏರಿಳಿತ ಚಳಿಗಿಂತಲೂ ಕೆಟ್ಟದ್ದು.

ಬೆಳಕು

ಕಿಟಕಿಯ ಪಕ್ಕದಲ್ಲಿ ತೊಟ್ಟಿ ಇಟ್ಟು "ದಿನಾ ಬಿಸಿಲು ಬೀಳುತ್ತದೆ" ಎನ್ನುವವರು ಬಹಳ. ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಬೆಳಕೂ ಶಾಖವೂ ಇರುತ್ತವೆ, ಆಮೆಗೆ ಬೇಕಾದ, ಕಣ್ಣಿಗೆ ಕಾಣದ ಯುವಿಬಿ ಎಂಬ ಕಿರಣ ಇರುವುದಿಲ್ಲ. ಅದನ್ನು ಗಾಜು ತಡೆಯುತ್ತದೆ. ಆ ಕಿರಣ ಚರ್ಮಕ್ಕೆ ತಾಗಿದರೆ ಮಾತ್ರ ವಿಟಮಿನ್ ಡಿ3 ತಯಾರಾಗಿ, ತಿಂದ ಕ್ಯಾಲ್ಸಿಯಂ ಚಿಪ್ಪಿಗೂ ಮೂಳೆಗೂ ಸೇರುತ್ತದೆ. ಮನೆಯ ಎಲ್‌ಇಡಿ ಬಲ್ಬಿನಲ್ಲಿಯೂ ಅದು ಇಲ್ಲ. ಸರೀಸೃಪಗಳಿಗೆಂದೇ ಮಾರುವ ಯುವಿಬಿ ಟ್ಯೂಬ್ ಹಾಕಿದ್ದೀರಾದರೆ ಕೊಂಡ ತಿಂಗಳನ್ನು ಅದರ ಮೇಲೆಯೇ ಪೆನ್ನಿನಿಂದ ಬರೆದಿಡಿ. ಆರು ತಿಂಗಳಿಂದ ವರ್ಷದೊಳಗೆ ಅದರ ಯುವಿಬಿ ಇಳಿದುಹೋಗುತ್ತದೆ, ಬೆಳಕು ಮಾತ್ರ ಮೊದಲಿನಂತೆಯೇ ಕಾಣುತ್ತಿರುತ್ತದೆ.

ನಮ್ಮ ಸೀಮೆಗೆ ಅಗ್ಗದ ದಾರಿಯೆಂದರೆ ತಾರಸಿ. ಬೆಳಿಗ್ಗೆ ಅರ್ಧ ಗಂಟೆ, ವಾರಕ್ಕೆ ನಾಲ್ಕು ದಿನ ಬಿಸಿಲು ಕಾಯಲು ಬಿಡಿ. ಟಬ್ಬಿನ ಅರ್ಧಭಾಗಕ್ಕೆ ಹಲಗೆಯ ನೆರಳು ಇರಲೇಬೇಕು, ಮೇಲೆ ಜಾಲರಿಯೂ ಬೇಕು, ಏಕೆಂದರೆ ಕಾಗೆ ಮತ್ತು ಬೆಕ್ಕು ಹೊಂಚು ಹಾಕುತ್ತವೆ. ನೀವು ಪಕ್ಕದಲ್ಲೇ ಇರಿ. ಏಪ್ರಿಲ್ ತಿಂಗಳಲ್ಲಿ ನೆರಳಿಲ್ಲದ ಬೋಗುಣಿಯಲ್ಲಿ ಆಮೆಯನ್ನು ಬಿಟ್ಟು ಫೋನಿನಲ್ಲಿ ಮಾತನಾಡಲು ಒಳಗೆ ಹೋದರೆ, ಹಿಂತಿರುಗುವಷ್ಟರಲ್ಲಿ ಅದು ಬೆಂದು ಸತ್ತಿರುತ್ತದೆ. ಹೀಗೆ ಸತ್ತ ಎರಡು ಆಮೆಗಳನ್ನು ನಾನು ಕಂಡಿದ್ದೇನೆ.

ತಟ್ಟೆ

ನಿಟ್ಟುವಳ್ಳಿಯ ಹುಡುಗಿಯನ್ನು ಕೇಳಿದೆ, "ಏನು ತಿನ್ನಿಸುತ್ತಿದ್ದೆ ಪುಟ್ಟಾ?" ಅವಳು ತಾಯಿಯ ಮುಖ ನೋಡಿದಳು. "ಮಂಡಕ್ಕಿ. ತುಂಬಾ ಇಷ್ಟ ಅದಕ್ಕೆ. ನೀರಿನ ಮೇಲೆ ತೇಲುತ್ತದಲ್ಲ, ಓಡಿಬಂದು ತಿನ್ನುತ್ತಿತ್ತು."

ಊರಿಗೆ ಊರೇ ಮಂಡಕ್ಕಿ ತಿನ್ನುವಾಗ ಆ ಮಗುವಿಗೆ ಬೇರೇನು ಹೊಳೆದೀತು? ಆದರೆ ಮಂಡಕ್ಕಿ ಎಂದರೆ ಹುರಿದು ಅರಳಿಸಿದ ಅಕ್ಕಿ. ಅದರಲ್ಲಿ ವಿಟಮಿನ್ ಎ ಇಲ್ಲ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ, ಉಪ್ಪು ಬೇರೆ. ಬ್ರೆಡ್, ಅನ್ನ, ಬಿಸ್ಕತ್ತು ಕೂಡ ಹಾಗೆಯೇ. ಅಂಗಡಿಯವರು ಆಮೆಯ ಜೊತೆಗೆ ಕೊಡುವ ಒಣ ಸೀಗಡಿಯ ಡಬ್ಬಿಯೂ ತಿಂಡಿಯಷ್ಟೇ, ಊಟವಲ್ಲ. ಬರೀ ಸೀಗಡಿಯ ಮೇಲೆ ಬೆಳೆದ ಮರಿ ಆರೇಳು ತಿಂಗಳಲ್ಲಿ ಕಣ್ಣು ಮುಚ್ಚಿ ಕೂರುತ್ತದೆ.

ನೀರಾಮೆಗೆಂದೇ ಮಾಡಿದ ಒಳ್ಳೆಯ ಪೆಲೆಟ್, ಅಂದರೆ ಗುಳಿಗೆಯಂಥ ಒಣ ಆಹಾರ, ಊಟದ ಬುಡವಾಗಿರಲಿ, ಒಂದು ಸಲಕ್ಕೆ ಅದರ ತಲೆಯ ಗಾತ್ರದಷ್ಟು. ಮರಿಗೆ ದಿನಾ, ದೊಡ್ಡದಕ್ಕೆ ಎರಡು ದಿನಕ್ಕೊಮ್ಮೆ. ಬೆಳೆಯುತ್ತಾ ಸೊಪ್ಪಿನ ಪಾಲು ಹೆಚ್ಚಲಿ: ನುಗ್ಗೆ ಸೊಪ್ಪು, ತುರಿದ ಕ್ಯಾರೆಟ್, ಸಿಹಿಗುಂಬಳ. ಪಾಲಕ್ ಅಪರೂಪಕ್ಕೆ ಮಾತ್ರ, ಅದರ ಆಕ್ಸಲಿಕ್ ಆಮ್ಲ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರೆಹುಳು, ಮುಳ್ಳಿನ ಸಮೇತ ಚಿಕ್ಕ ಮೀನು ಆಗಾಗ ಕೊಡಬಹುದು. ಹಕ್ಕಿ ಸಾಕುವವರು ಪಂಜರಕ್ಕೆ ಸಿಕ್ಕಿಸುವ ಕಟಲ್ ಬೋನ್ ತುಂಡೊಂದು ನೀರಿನಲ್ಲಿ ತೇಲುತ್ತಿರಲಿ. ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರಫೇನ ಎಂದು ಕೇಳಿದರೆ ಸಿಗುವುದೂ ಅದೇ.

ನೀರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂಗಿಗೆ ವಾಸನೆ ಬಂದರೆ ಆಗಲೇ ತಡವಾಗಿದೆ. ಫಿಲ್ಟರ್ ಇಲ್ಲದ ತೊಟ್ಟಿಯಾದರೆ ಎರಡು ದಿನಕ್ಕೊಮ್ಮೆ ಬದಲಿಸಿ, ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ತುಂಬಿ. ವಾಸ್ತುವಿಗೆ ಒಳ್ಳೆಯದೆಂದು ಫ್ರಿಜ್ ಮೇಲಿನ ಗಾಜಿನ ಬಟ್ಟಲಿನಲ್ಲಿಟ್ಟ ಮರಿ ಎಷ್ಟು ಔಷಧ ಕೊಟ್ಟರೂ ಚೇತರಿಸಿಕೊಳ್ಳುವುದಿಲ್ಲ. ಅದಕ್ಕೆ ಈಜಲು ಜಾಗ ಬೇಕು, ಮೈ ಪೂರ್ತಿ ಒಣಗುವಂತೆ ಹತ್ತಿ ಕೂರಲು ಕಲ್ಲು ಬೇಕು.

ಈಗ ಆಮೆಯನ್ನು ಕೈಗೆತ್ತಿಕೊಳ್ಳಿ

ಮೊದಲು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಡಬ್ಬಿಯಿಟ್ಟು ಗ್ರಾಂ ಲೆಕ್ಕದಲ್ಲಿ ತೂಗಿ, ತಾರೀಕಿನೊಂದಿಗೆ ಬರೆಯಿರಿ. ಕಾಡಿನಲ್ಲಿ ನಿಶ್ಶಕ್ತಿ ತೋರಿಸಿದ ಪ್ರಾಣಿ ಬೇಟೆಯಾಗುತ್ತದೆ, ಹಾಗಾಗಿ ಆಮೆ ರೋಗವನ್ನು ಕೊನೆಯವರೆಗೂ ಬಚ್ಚಿಡುತ್ತದೆ. ಅದು ಬಚ್ಚಿಡಲಾಗದ್ದು ತೂಕವನ್ನು ಮಾತ್ರ. ಬೆಳೆಯುವ ಮರಿಯ ತೂಕ ಎರಡು ವಾರ ನಿಂತುಬಿಟ್ಟರೂ, ದೊಡ್ಡದರ ತೂಕ ಹತ್ತರಲ್ಲಿ ಒಂದು ಪಾಲು ಇಳಿದರೂ ಕಾರಣ ಹುಡುಕಬೇಕು.

ಆಮೇಲೆ ಕಿಟಕಿಯ ಬೆಳಕಿನಲ್ಲಿ ಎರಡು ಕಣ್ಣು, ಮೂಗಿನ ಹೊಳ್ಳೆ, ಕಣ್ಣಿನ ಹಿಂದಿನ ಕೆನ್ನೆಯ ಭಾಗ. ಎರಡೂ ಕಡೆ ಒಂದೇ ಸಮ ಇವೆಯೇ ಎಂದು ಎದುರಿನಿಂದ ನೋಡಿ. ಬೆನ್ನಿನ ಚಿಪ್ಪಿನ ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ತಿರುಗಿಸಿ ಹೊಟ್ಟೆಯ ಚಿಪ್ಪು ನೋಡಿ, ಮೂಸಿಯೂ ನೋಡಿ. ಹಿಂಗಾಲನ್ನು ಮೃದುವಾಗಿ ಎಳೆಯಿರಿ: ಚೆನ್ನಾಗಿರುವ ಆಮೆ ಥಟ್ಟನೆ ಒಳಗೆಳೆದುಕೊಳ್ಳುತ್ತದೆ, ನಿಶ್ಶಕ್ತವಾದದ್ದು ಬಿಟ್ಟಲ್ಲೇ ಬಿಡುತ್ತದೆ. ಐದು ನಿಮಿಷದಲ್ಲಿ ಮುಗಿಸಿ ನೀರಿಗೆ ಬಿಡಿ.

ತಿನ್ನುತ್ತಿಲ್ಲ

ಇದೊಂದೇ ಲಕ್ಷಣವಾದರೆ, ಕಣ್ಣು ಮೂಗು ಸ್ವಚ್ಛವಾಗಿದ್ದು ನೀರು ತಣ್ಣಗಿದ್ದರೆ, ಶಾಖವನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 28ಕ್ಕೆ ಏರಿಸಿ ಒಂದು ವಾರ ಕಾಯಿರಿ. ಚಳಿಗಾಲದಲ್ಲಿ ನನ್ನ ಬಳಿ ಬರುವ ಬಹಳಷ್ಟು ದೂರುಗಳು ಇಷ್ಟರಲ್ಲೇ ಮುಗಿಯುತ್ತವೆ. ಹೊಸದಾಗಿ ಮನೆಗೆ ತಂದ ಆಮೆ ಕೆಲವು ದಿನ ತಿನ್ನದಿರುವುದೂ ಸಹಜ.

ಬೆಚ್ಚಗಿದ್ದೂ ತಿನ್ನದಿದ್ದರೆ ಮೂರು ವಿಷಯ ನೋಡಿ. ತೊಟ್ಟಿಯ ತಳದಲ್ಲಿ ಬಟಾಣಿ ಗಾತ್ರದ ಬಣ್ಣದ ಕಲ್ಲುಗಳಿವೆಯೇ? ಆಮೆ ಅವನ್ನು ನುಂಗುತ್ತದೆ, ಕರುಳು ಕಟ್ಟಿಕೊಳ್ಳುತ್ತದೆ. ಎಕ್ಸ್-ರೇ ತೆಗೆದರೆ ಕಲ್ಲು ಸ್ಪಷ್ಟವಾಗಿ ಕಾಣುತ್ತದೆ. ಕಲ್ಲು ಹಾಕಲೇಬೇಕೆಂದರೆ ಅದರ ತಲೆಗಿಂತ ದೊಡ್ಡದನ್ನು ಹಾಕಿ. ಎರಡನೆಯದು, ಅದು ಬೆಳೆದ ಹೆಣ್ಣೇ? ಗಂಡಿಲ್ಲದೆಯೂ ಹೆಣ್ಣಾಮೆ ಮೊಟ್ಟೆ ಕಟ್ಟುತ್ತದೆ. ತೊಟ್ಟಿಯಿಂದ ಹೊರಬರಲು ಒದ್ದಾಡುವುದು, ಹಿಂಗಾಲಿನಿಂದ ಕೆರೆಯುವುದು ಮೊಟ್ಟೆಯ ಸೂಚನೆ. ಒಂದು ದೊಡ್ಡ ಟಬ್ಬಿನಲ್ಲಿ ಗೇಣುದ್ದ ಆಳಕ್ಕೆ ತೇವದ ಮಣ್ಣು ಮರಳು ಬೆರೆಸಿ ಹಾಕಿ, ಜನ ಓಡಾಡದ ಕಡೆ ಒಂದೆರಡು ಗಂಟೆ ಬಿಟ್ಟುಬಿಡಿ. ನೋಡುತ್ತಾ ನಿಂತರೆ ಅದು ಇಡುವುದಿಲ್ಲ. ಒದ್ದಾಟ ಹಠಾತ್ತಾಗಿ ನಿಂತು ಮಂಕಾದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡಿದೆಯೆಂದು ತಿಳಿದು ವೈದ್ಯರಲ್ಲಿಗೆ ಓಡಿ. ಮೂರನೆಯದು ಕಣ್ಣು.

ಕಣ್ಣು ಊದಿದೆ

ಎರಡೂ ಕಣ್ಣು ಒಟ್ಟಿಗೆ ಊದಿದ್ದರೆ, ಆಹಾರದ ಚರಿತ್ರೆಯಲ್ಲಿ ಮಂಡಕ್ಕಿಯೋ ಒಣ ಸೀಗಡಿಯೋ ಇದ್ದರೆ, ವಿಟಮಿನ್ ಎ ಕೊರತೆಯನ್ನೇ ಮೊದಲು ಶಂಕಿಸಬೇಕು. ಆ ವಿಟಮಿನ್ ಇಲ್ಲದೆ ಕಣ್ಣು, ಮೂಗು, ಕಿವಿಯ ನಾಳಗಳ ಒಳಪದರ ಒರಟಾಗಿ ದಪ್ಪವಾಗುತ್ತದೆ. ಕಣ್ಣೀರಿನ ಗ್ರಂಥಿ ಕಟ್ಟಿಕೊಳ್ಳುತ್ತದೆ, ರೆಪ್ಪೆಯ ಒಳಗೆ ಬಿಳಿ ಕಸ ಶೇಖರವಾಗುತ್ತದೆ. ಆಮೆ ಕಣ್ಣಿನಿಂದ ಕಂಡು ತಿನ್ನುವ ಪ್ರಾಣಿ. ಕಾಣದ ಮೇಲೆ ತಿನ್ನುವುದಿಲ್ಲ, ತಿನ್ನದಿದ್ದರೆ ಕೊರತೆ ಇನ್ನೂ ಹೆಚ್ಚುತ್ತದೆ. ಒಂದೇ ಕಣ್ಣು ಊದಿದ್ದರೆ ಗಾಯ, ಕಸ, ಕೊಳಕು ನೀರಿನ ಸೋಂಕು ಇರಬಹುದು.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಶುದ್ಧವಾದ ಉಗುರುಬೆಚ್ಚಗಿನ ನೀರು, ನೀರು ಆಮೆಯ ಗದ್ದದ ಮಟ್ಟಕ್ಕೆ ಮಾತ್ರ. ಮೆಡಿಕಲ್ ಸ್ಟೋರಿನ ನಾರ್ಮಲ್ ಸಲೈನ್‌ನಲ್ಲಿ ಅದ್ದಿದ ಹತ್ತಿಯಿಂದ ರೆಪ್ಪೆಯನ್ನು ದಿನಕ್ಕೆರಡು ಸಲ ಒರೆಸಿ. ರೆಪ್ಪೆಯನ್ನು ಬಲವಂತವಾಗಿ ಬಿಡಿಸಬೇಡಿ. ಮನುಷ್ಯರ ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇದ್ದರೆ ಸೋಂಕು ಉಲ್ಬಣಿಸುತ್ತದೆ, ಆದ್ದರಿಂದ ಕೈಗೆ ಸಿಕ್ಕ ಬಾಟಲಿಯನ್ನು ಹಾಕಬೇಡಿ. ವಿಟಮಿನ್ ಎ ಮಾತ್ರೆಯನ್ನು ಒಡೆದು ಬಾಯಿಗೆ ಹಾಕುವುದೂ ಅಪಾಯ. ಈ ವಿಟಮಿನ್ ಮೈಯಲ್ಲೇ, ಮುಖ್ಯವಾಗಿ ಯಕೃತ್ತಿನಲ್ಲಿ, ಶೇಖರವಾಗುತ್ತದೆ, ಮಿತಿ ಮೀರಿದರೆ ಚರ್ಮವೇ ಪದರ ಪದರವಾಗಿ ಸುಲಿದು ಹಸಿ ಗಾಯವಾಗುತ್ತದೆ. ಚುಚ್ಚುಮದ್ದು ಬೇಕೇ, ಎಷ್ಟು ಬೇಕು ಎಂಬುದನ್ನು ವೈದ್ಯರು ತೂಕ ನೋಡಿ ನಿರ್ಧರಿಸಬೇಕು.

ಆ ಹುಡುಗಿಯ ಆಮೆ 162 ಗ್ರಾಂ ಇತ್ತು. ಹೀಟರ್ ಹಾಕಿದರು, ಪಶುವೈದ್ಯರು ಒಂದು ಚುಚ್ಚುಮದ್ದು ಕೊಟ್ಟರು, ತಾಯಿ ದಿನಕ್ಕೆರಡು ಸಲ ಸಲೈನ್‌ನಿಂದ ಒರೆಸಿದರು. ಎಂಟು ದಿನ ಏನೂ ಆಗಲಿಲ್ಲ. ಒಂಬತ್ತನೆಯ ದಿನ ಎಡಗಣ್ಣು ಗೆರೆಯಷ್ಟು ತೆರೆಯಿತು. ಹುಡುಗಿ ಎರೆಹುಳುವಿನ ತುಂಡನ್ನು ಇಕ್ಕಳದಲ್ಲಿ ಹಿಡಿದು ಆ ಕಣ್ಣಿನ ಮುಂದೆ ಆಡಿಸಿದಳು. ಆಮೆ ಕತ್ತು ಚಾಚಿತು, ಗುರಿ ತಪ್ಪಿತು, ಮತ್ತೆ ಚಾಚಿ ಹಿಡಿಯಿತು. ಫೋನಿನಲ್ಲಿ ಅವಳ ದನಿ ಕೇಳಿ ನನಗೂ ಗಂಟಲು ಕಟ್ಟಿತು. ಎರಡೂ ಕಣ್ಣು ಪೂರ್ತಿ ತೆರೆಯಲು ನಾಲ್ಕು ವಾರ ಬೇಕಾಯಿತು. ಆಮೆಯ ಚೇತರಿಕೆ ಹೀಗೆಯೇ, ನಾಯಿ ಬೆಕ್ಕಿನ ಲೆಕ್ಕದಲ್ಲಿ ಎಣಿಸಬಾರದು.

ಇದೇ ಕೊರತೆ ಇನ್ನೊಂದು ರೂಪದಲ್ಲಿ ಕಿವಿಯ ಹತ್ತಿರ ಕಾಣಿಸುತ್ತದೆ. ಕಣ್ಣಿನ ಹಿಂದೆ, ಕೆಂಪು ಪಟ್ಟೆಯ ಜಾಗದಲ್ಲಿ ಗೋಲಿಯಂಥ ಉಬ್ಬು. ಅದು ಕಿವಿಯೊಳಗಿನ ಬಾವು. ಆಮೆಯ ಕೀವು ನಮ್ಮದರಂತೆ ಹರಿಯುವುದಿಲ್ಲ, ಗಿಣ್ಣದಂತೆ ಗಟ್ಟಿಯಾಗಿ ಕುಳಿತುಬಿಡುತ್ತದೆ. ಆದ್ದರಿಂದ ಹಿಚುಕಿದರೆ ಬರುವುದಿಲ್ಲ, ಮಾತ್ರೆಗೆ ಕರಗುವುದೂ ಇಲ್ಲ. ಅರಿವಳಿಕೆ ಕೊಟ್ಟು, ಕೊಯ್ದು, ಇಡೀ ಗಡ್ಡೆಯನ್ನು ತೆಗೆಯಲೇಬೇಕು. ಮಾಡಿಸಿದರೆ ಚೆನ್ನಾಗಿ ಗುಣವಾಗುತ್ತದೆ.

ಉಸಿರು

ನಾನು ಹೆಚ್ಚು ಹೆದರುವುದು ಇದಕ್ಕೆ. ಮೂಗಿನಲ್ಲಿ ಗುಳ್ಳೆ, ಕತ್ತು ಮೇಲಕ್ಕೆತ್ತಿ ಬಾಯಿ ತೆರೆದು ಉಸಿರೆಳೆಯುವುದು, ಕಿವಿಗೊಟ್ಟರೆ ಸಣ್ಣ ಸಿಳ್ಳೆ ಅಥವಾ ಗೊರಗೊರ, ಯಾವಾಗಲೂ ಕಲ್ಲಿನ ಮೇಲೆಯೇ ಕೂರುವುದು. ಎಲ್ಲಕ್ಕಿಂತ ಖಚಿತವಾದ ಗುರುತು ಈಜಿನಲ್ಲಿದೆ. ಆಮೆಯ ಶ್ವಾಸಕೋಶಗಳು ಬೆನ್ನಿನ ಚಿಪ್ಪಿನ ಅಡಿಗೆ ಎಡಕ್ಕೊಂದು ಬಲಕ್ಕೊಂದು ಇರುತ್ತವೆ. ಒಂದರಲ್ಲಿ ಕಫ ತುಂಬಿದರೆ ಆ ಪಕ್ಕ ಭಾರವಾಗಿ ಮುಳುಗುತ್ತದೆ, ಇನ್ನೊಂದು ಪಕ್ಕ ಮೇಲೇಳುತ್ತದೆ. ಲೋಡು ಒಂದು ಕಡೆಗೆ ಸರಿದ ಎತ್ತಿನ ಗಾಡಿಯಂತೆ ಆಮೆ ವಾಲಿಕೊಂಡು ತೇಲುತ್ತದೆ, ಎಷ್ಟು ಪ್ರಯತ್ನಿಸಿದರೂ ತಳಕ್ಕೆ ಹೋಗಲಾಗುವುದಿಲ್ಲ. ಹೊಟ್ಟೆಯಲ್ಲಿ ಗಾಳಿ ತುಂಬಿದಾಗಲೂ ತೇಲುತ್ತದೆ, ಆದರೆ ಸಾಮಾನ್ಯವಾಗಿ ಮೂಗು ಬಾಯಿ ಸ್ವಚ್ಛವಾಗಿರುತ್ತವೆ. ಖಚಿತಪಡಿಸುವುದು ಎಕ್ಸ್-ರೇ.

ವಾಲಿ ತೇಲುವ ಆಮೆಗೆ ಮನೆಮದ್ದು ಇಲ್ಲ. ಅರಿಶಿನದ ನೀರು, ತುಳಸಿ ರಸ, ಮಗುವಿಗೆ ಉಳಿದ ಆಂಟಿಬಯೋಟಿಕ್ ಸಿರಪ್ ಯಾವುದನ್ನೂ ಹಾಕಬೇಡಿ. ಆಮೆಗೆ ಕೆಮ್ಮಿ ಕಫ ಹೊರಹಾಕುವ ಶಕ್ತಿ ಇಲ್ಲ, ದಿನಗಳು ಉರುಳಿದಂತೆ ಅದು ಒಳಗೇ ಗಟ್ಟಿಯಾಗುತ್ತದೆ. ವೈದ್ಯರನ್ನು ಕಾಣುವವರೆಗೆ ಶಾಖವನ್ನು 28ರಿಂದ 30 ಡಿಗ್ರಿಯಲ್ಲಿಡಿ. ನೀರು ಚಿಪ್ಪಿನ ಎತ್ತರಕ್ಕಿಂತ ಹೆಚ್ಚಿರದಿರಲಿ, ನಿಶ್ಶಕ್ತವಾದ ನೀರಾಮೆಯೂ ಮುಳುಗಿ ಸಾಯುತ್ತದೆ. ಬಾಯಿಗೆ ಆಹಾರ ತುರುಕಬೇಡಿ.

ಚಿಪ್ಪು

ಚಿಪ್ಪಿನ ವಿಷಯದಲ್ಲಿ ಸುಮ್ಮನೆ ಹೆದರುವವರೂ ಇದ್ದಾರೆ, ಹೆದರಬೇಕಾದಾಗ ಸುಮ್ಮನಿರುವವರೂ ಇದ್ದಾರೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಬೋರ್‌ವೆಲ್ ನೀರು. ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುವ ಆ ಗಡಸು ನೀರು ಆಮೆಯ ಚಿಪ್ಪಿನ ಮೇಲೂ ಬಿಳಿ ಕಲೆ ಬಿಡುತ್ತದೆ. ಒಣಗಿದಾಗ ಕಂಡು, ಒದ್ದೆಯಾದಾಗ ಮಾಯವಾಗಿ, ಉಗುರಿಗೆ ಗಟ್ಟಿಯಾಗಿ ತಾಗಿದರೆ ಅದು ನೀರಿನ ಲವಣ, ರೋಗವಲ್ಲ. ಗಾಜಿನಂತೆ ತೆಳ್ಳನೆಯ ಬಿಲ್ಲೆಗಳು ಬಿಡಿಬಿಡಿಯಾಗಿ ಉದುರಿ, ಅಡಿಯಲ್ಲಿ ಹೊಳಪಿನ ಹೊಸ ಚಿಪ್ಪು ಕಂಡರೆ ಅದೂ ಬೆಳವಣಿಗೆಯೇ. ಕೈಯಿಂದ ಕೀಳಬೇಡಿ.

ಒದ್ದೆಯಾದರೂ ಕಲೆ ಉಳಿದು, ಅಲ್ಲಿ ಗುಳಿ ಬಿದ್ದು, ಟೂತ್‌ಪಿಕ್ ತಾಗಿಸಿದರೆ ಮೆತ್ತಗಿದ್ದು, ಕೊಳೆತ ವಾಸನೆ ಬಂದರೆ ಅದು ಚಿಪ್ಪಿನ ಕೊಳೆ. ಮೈ ಒಣಗಿಸಿಕೊಳ್ಳಲು ಜಾಗವಿಲ್ಲದಿರುವುದೂ ಕೊಳಕು ನೀರೂ ಇದರ ಮೂಲ. ಮೇಲ್ಮೈಯಲ್ಲಷ್ಟೇ ಇದ್ದರೆ ಮೆದು ಬ್ರಷ್‌ನಿಂದ ತಿಕ್ಕಿ ತೊಳೆದು, ಪೊವಿಡೋನ್ ಅಯೋಡಿನ್ ದ್ರಾವಣವನ್ನು ತಿಳಿ ಚಹಾದ ಬಣ್ಣ ಬರುವವರೆಗೆ ನೀರು ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಆಮೇಲೆ ಬೆಚ್ಚಗಿನ ಒಣ ಡಬ್ಬಿಯಲ್ಲಿ ದಿನಕ್ಕೆ ಕೆಲವು ಗಂಟೆ ಇಡಿ. ನಡುವೆ ಕುಡಿಯಲು, ತಿನ್ನಲು ನೀರಿಗೆ ಬಿಡುವುದನ್ನು ಮರೆಯಬೇಡಿ. ಎರಡು ವಾರದಲ್ಲಿ ಗುಳಿ ಒಣಗಿ ಗಟ್ಟಿಯಾಗದಿದ್ದರೆ, ರಕ್ತ ಒಸರಿದರೆ, ಮೂಳೆ ಕಂಡರೆ ಮನೆಯ ಚಿಕಿತ್ಸೆ ಸಾಕಾಗದು. ಹೊಳಪು ಬರಲೆಂದು ಕೊಬ್ಬರಿ ಎಣ್ಣೆ ಸವರುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ಎಣ್ಣೆಯ ಪದರದ ಅಡಿಯಲ್ಲಿ ಕೊಳೆ ಇನ್ನೂ ಸೊಂಪಾಗಿ ಬೆಳೆಯುತ್ತದೆ. ದಯವಿಟ್ಟು ಬೇಡ.

ಹೊಟ್ಟೆಯ ಚಿಪ್ಪಿನ ಬಿಲ್ಲೆಗಳ ಅಡಿಯಲ್ಲಿ ಗುಲಾಬಿ, ಕೆಂಪು ಛಾಯೆ ಹರಡಿದ್ದರೆ ಸೋಂಕು ರಕ್ತಕ್ಕೆ ಸೇರಿರುವ ಸಾಧ್ಯತೆ ಇದೆ. ನಾಳೆಗೆ ಮುಂದೂಡಬೇಡಿ.

ಚಿಪ್ಪು ಮೆತ್ತಗಾಗಿದೆ, ಒತ್ತಿದರೆ ಬಾಗುತ್ತದೆ, ಅಂಚು ಮೇಲಕ್ಕೆ ಸುರುಳಿಯಾಗಿದೆ, ಹಿಂಗಾಲು ಎಳೆದುಕೊಂಡು ನಡೆಯುತ್ತದೆ ಎಂದರೆ ಕ್ಯಾಲ್ಸಿಯಂ ಮತ್ತು ಯುವಿಬಿ ಕೊರತೆ. ತೀರಾ ಎಳೆಯ ಮರಿಯ ಚಿಪ್ಪು ಸ್ವಲ್ಪ ಬಾಗುವುದು ಸಹಜ, ಒಂದು ವರ್ಷದ ಆಮೆಯದು ಬಾಗಬಾರದು. ಬೆಳಕು, ಆಹಾರ ಸರಿಪಡಿಸಿದರೆ ಚಿಪ್ಪು ಗಟ್ಟಿಯಾಗುತ್ತದೆ, ಆದರೆ ಸೊಟ್ಟಗಾದದ್ದು ನೆಟ್ಟಗಾಗುವುದಿಲ್ಲ.

ಬಾಲದ ಬುಡದಿಂದ ಕೆಂಪು ಮಾಂಸ ಹೊರಬಂದು ಒಳಗೆ ಹೋಗದಿದ್ದರೆ ಶುದ್ಧ ನೀರಿನಲ್ಲಿ ಗಟ್ಟಿಯಾಗಿ ಸಕ್ಕರೆ ಕರಗಿಸಿ ಅದರಲ್ಲಿ ಬಟ್ಟೆ ಅದ್ದಿ ಸುತ್ತಿ. ಊತ ಇಳಿಯುತ್ತದೆ, ಮಾಂಸ ಒಣಗುವುದಿಲ್ಲ. ಬೇರೆ ಆಮೆಗಳಿಂದ ದೂರವಿಡಿ, ಅವು ಕಚ್ಚುತ್ತವೆ. ಅದೇ ಸ್ಥಿತಿಯಲ್ಲಿ ವೈದ್ಯರ ಬಳಿಗೆ ಒಯ್ಯಿರಿ. ಗಂಡಾಮೆ ಕೆಲವೊಮ್ಮೆ ಕಪ್ಪು ಬಣ್ಣದ ಅಂಗವನ್ನು ಹೊರಚಾಚಿ ಕ್ಷಣದಲ್ಲಿ ಒಳಗೆಳೆದುಕೊಳ್ಳುತ್ತದೆ, ಅದಕ್ಕೆ ಗಾಬರಿ ಬೇಡ.

ವೈದ್ಯರ ಮುಂದೆ

ನಮ್ಮ ಜಿಲ್ಲೆಗಳ ಪಶುವೈದ್ಯರ ದಿನವೆಲ್ಲ ಹಸು, ಎಮ್ಮೆ, ಕುರಿಗಳಲ್ಲಿ ಕಳೆಯುತ್ತದೆ. ಆಮೆ ಅವರ ಮೇಜಿಗೆ ಬರುವುದು ಅಪರೂಪ. ಆದರೂ ನಾನು ಕಂಡ ಹೆಚ್ಚಿನವರು ಆಸಕ್ತಿಯಿಂದ ನೋಡಿದ್ದಾರೆ, ಹಿರಿಯರಿಗೆ ಫೋನ್ ಮಾಡಿ ಕೇಳಿ ಚಿಕಿತ್ಸೆ ಕೊಟ್ಟಿದ್ದಾರೆ. ಶಸ್ತ್ರಚಿಕಿತ್ಸೆ ಬೇಕಾದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ನಮಗೆ ಹತ್ತಿರ, ಇಲ್ಲವೇ ಬೆಂಗಳೂರಿನ ಹೆಬ್ಬಾಳದ ಕಾಲೇಜು. ಪ್ರಯಾಣಕ್ಕೆ ನೀರು ತುಂಬಿದ ಬಕೆಟ್ ಬೇಡ. ಗಾಳಿಯಾಡುವ ಡಬ್ಬಿಯಲ್ಲಿ ಒದ್ದೆ ಟವೆಲ್ ಹಾಸಿ ಕೂರಿಸಿ.

ಚೀಟಿಯಲ್ಲಿ ಬರೆದುಕೊಂಡು ಹೋಗಿ: ಗ್ರಾಂನಲ್ಲಿ ತೂಕ, ಬೆಳಗಿನ ನೀರಿನ ಶಾಖ, ಏನು ತಿನ್ನುತ್ತಿತ್ತು, ಎಂದಿನಿಂದ ನಿಲ್ಲಿಸಿತು. ವಾಲಿ ಈಜುವ ವಿಡಿಯೊ ಮೊಬೈಲ್‌ನಲ್ಲಿರಲಿ. ಮತ್ತು ಒಂದು ಮಾತನ್ನು ವಿನಯದಿಂದ, ಆದರೆ ತಪ್ಪದೆ ಹೇಳಿ: "ಸರ್, ಆಮೆಗೆ ಐವರ್ಮೆಕ್ಟಿನ್ ಆಗುವುದಿಲ್ಲ." ದನಕ್ಕೂ ನಾಯಿಗೂ ಹುಳು ಮತ್ತು ಉಣ್ಣೆಗೆ ದಿನನಿತ್ಯ ಕೊಡುವ ಔಷಧವದು. ಆಮೆಯ ನರಮಂಡಲಕ್ಕೆ ಅದು ವಿಷ, ಪಾರ್ಶ್ವವಾಯು ಬಂದು ಸಾಯುತ್ತದೆ. ಆಂಟಿಬಯೋಟಿಕ್ ಚುಚ್ಚುಮದ್ದನ್ನು ಮುಂಗಾಲಿಗೆ ಕೊಡುವುದು ವಾಡಿಕೆ, ಏಕೆಂದರೆ ಹಿಂಗಾಲಿನ ರಕ್ತ ಮೊದಲು ಮೂತ್ರಪಿಂಡದ ಮೂಲಕ ಹಾದುಹೋಗುತ್ತದೆ. ಕೆಲವು ಔಷಧಗಳನ್ನು ಮೂರು ದಿನಕ್ಕೊಮ್ಮೆ ಕೊಡುತ್ತಾರೆ, ವಾರಗಟ್ಟಲೆ. ಆಮೆ ತಿನ್ನಲು ಶುರು ಮಾಡಿತೆಂದು ನಡುವೆ ನಿಲ್ಲಿಸಬೇಡಿ.

ಆರೈಕೆ ಮಾಡುವವರಿಗೂ ಒಂದು ಎಚ್ಚರಿಕೆ. ಚೆನ್ನಾಗಿರುವ ಆಮೆಯ ಮೈಯಲ್ಲಿಯೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳಿಗೆ ಹೀಗೆ ಹರಡುತ್ತಿದ್ದುದರಿಂದಲೇ ಅಮೆರಿಕ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿತು. ಪ್ರತಿಸಲ ಸೋಪಿನಿಂದ ಕೈ ತೊಳೆಯಿರಿ, ತೊಟ್ಟಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ, ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬೇಡಿ. ತೂಕದ ತಕ್ಕಡಿಗೂ ಅದರದೇ ಡಬ್ಬಿ ಇರಲಿ. ಸಾಕಲು ಆಗದೆಂದು ಕುಂದವಾಡ ಕೆರೆಗೋ ವಾಣಿವಿಲಾಸ ಸಾಗರಕ್ಕೋ ಬಿಡಬೇಡಿ. ಅಲ್ಲಿನ ನಮ್ಮ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಇದು ಕಿತ್ತುಕೊಳ್ಳುತ್ತದೆ, ರೋಗವನ್ನೂ ಒಯ್ಯುತ್ತದೆ. ಸಾಕುವ ಇನ್ನೊಂದು ಮನೆಯನ್ನು ಹುಡುಕಿ.

ಸತ್ತಿದೆ ಎನ್ನುವ ಮೊದಲು

ಚಳಿಯಲ್ಲಿ ಮರಗಟ್ಟಿದ ಆಮೆ ಸತ್ತ ಆಮೆಯಂತೆಯೇ ಕಾಣುತ್ತದೆ. ಕತ್ತು ಜೋಲುತ್ತದೆ, ಉಸಿರು ಕಾಣುವುದಿಲ್ಲ, ಹೃದಯ ನಿಮಿಷಕ್ಕೆ ಕೆಲವೇ ಸಲ ಮಿಡಿಯುತ್ತದೆ. ಒಣ ಡಬ್ಬಿಯಲ್ಲಿ ಮೆತ್ತನೆಯ ಬಟ್ಟೆಯ ಮೇಲಿಟ್ಟು, ತಲೆ ಮೇಲಿರುವಂತೆ ಮಾಡಿ, ಕೋಣೆಯನ್ನು ನಿಧಾನವಾಗಿ 25 ಡಿಗ್ರಿಗೆ ಬೆಚ್ಚಗಾಗಿಸಿ. ನೀರಿನಲ್ಲಿ ಇಡಬೇಡಿ. ಗಂಟೆಗೊಮ್ಮೆ ಕಣ್ಣಿನ ಮೂಲೆಯನ್ನು ಒದ್ದೆ ಹತ್ತಿಯಿಂದ ಮುಟ್ಟಿ, ಹಿಂಗಾಲಿನ ಬೆರಳನ್ನು ಮೆಲ್ಲಗೆ ಚಿವುಟಿ, ಬಾಲದ ಬುಡವನ್ನು ಸವರಿ. ಒಂದು ಸಣ್ಣ ಅದುರು ಕಂಡರೂ ಜೀವವಿದೆ. ಪೂರ್ತಿ ಒಂದು ದಿನ ಕಾಯಿರಿ. ಕಣ್ಣು ಗುಳಿ ಬಿದ್ದು, ವಾಸನೆ ಬಂದ ಮೇಲಷ್ಟೇ ಸಂಶಯ ಉಳಿಯುವುದಿಲ್ಲ.

ನಮ್ಮ ಮೊದಲ ಆಮೆಯನ್ನು ಒಂದು ಜನವರಿಯ ಬೆಳಿಗ್ಗೆ ಏಳು ಗಂಟೆಗೆ ನುಗ್ಗೆ ಮರದ ಬುಡದಲ್ಲಿ ಹೂತೆವು. ಹಿಂದಿನ ಸಂಜೆ ಅದು ನೀರಿನಲ್ಲಿ ಓಡಾಡುತ್ತಿತ್ತು. ರಾತ್ರಿ ಚಳಿ ಬಹಳವಿತ್ತು. ಕಣ್ಣು ಗುಳಿ ಬಿದ್ದಿರಲಿಲ್ಲ, ವಾಸನೆಯೂ ಇರಲಿಲ್ಲ. ಒಂದು ದಿನ ಕಾಯಬೇಕೆಂದು ನಮಗೆ ಹೇಳುವವರು ಆಗ ಯಾರೂ ಇರಲಿಲ್ಲ.